ಗುರುದತ್ತರ ಕಾಗದದ ಹೂಗಳು

ಕಡೂರು, ತರೀಕೆರೆ, ಅಜ್ಜಂಪುರಗಳಂಥ ಊರುಗಳಿಗೆ ಚಲನಚಿತ್ರವೆಂಬುದು ಬಹುಕಾಲ ತಗಡಿನ ಪೆಟ್ಟಿಗೆಯೊಳಗೆ ಪ್ರಯಾಣ ಮಾಡಿ ಬರುತ್ತಿತ್ತು. ಬೆಂಗಳೂರಿನ ಹಂಚಿಕೆದಾರರಿಂದ ಹೊರಟ ರೀಲುಗಳು ರೈಲಿನಲ್ಲಿಯೋ ಬಸ್ಸಿನ ಮೇಲೆಯೋ ಬಂದಿಳಿದು, ಊರಾಚೆಯ ಬಯಲಿನಲ್ಲಿ ಎದ್ದಿದ್ದ ಟೂರಿಂಗ್ ಟಾಕೀಸಿನ ಗುಡಾರವನ್ನು ಸೇರುತ್ತಿದ್ದವು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ಸಂಜೆಯಾಗುತ್ತಲೇ ಧ್ವನಿವರ್ಧಕದಲ್ಲಿ ಮೊಳಗುವ ಹಾಡು. ಒಂದು ರೀಲು ಮುಗಿದು ಇನ್ನೊಂದನ್ನು ಏರಿಸುವವರೆಗೆ ಸ್ವಲ್ಪ ಹೊತ್ತಿನ ಬಿಡುವು, ಗದ್ದಲ. ಆದರೆ ಎಲ್ಲ ಚಿತ್ರಗಳಿಗೂ ಈ ಪ್ರಯಾಣದ ಭಾಗ್ಯವಿರಲಿಲ್ಲ. ಮುಂಬಯಿ, ಮದರಾಸುಗಳಲ್ಲಿ ಹಣ ಗಳಿಸಿದ ಚಿತ್ರಗಳು ಸಣ್ಣ ಊರುಗಳವರೆಗೆ ಬರುತ್ತಿದ್ದವು. ಅಲ್ಲಿ ಸೋತವು ಸಾಮಾನ್ಯವಾಗಿ ಅಲ್ಲಿಯೇ ಉಳಿಯುತ್ತಿದ್ದವು. ಹೀಗೆ, ನಾವು ನೋಡಿಯೇ ಇರದ ಚಿತ್ರಗಳ ಮೇಲೆ ನಮ್ಮ ಪರವಾಗಿ ಬೇರೆ ಯಾರೋ ತೀರ್ಪು ಕೊಟ್ಟುಬಿಟ್ಟಿರುತ್ತಿದ್ದರು.

ಅಂಥ ತೀರ್ಪಿಗೆ ಗುರಿಯಾದ ಚಿತ್ರಗಳಲ್ಲಿ ಒಂದು, 1959ರಲ್ಲಿ ತೆರೆಕಂಡ ಹಿಂದಿ ಚಿತ್ರ ಕಾಗಜ್ ಕೇ ಫೂಲ್. ಹೆಸರಿನ ಅರ್ಥ ಕಾಗದದ ಹೂಗಳು. ಅಂದಿನ ಪ್ರೇಕ್ಷಕರು ಅದನ್ನು ತಿರಸ್ಕರಿಸಿದರು. ವಿಮರ್ಶಕರಲ್ಲಿ ಬಹುಮಂದಿ ಅದಕ್ಕೆ ಒಳ್ಳೆಯ ಮಾತನ್ನಾಡಲಿಲ್ಲ. ಆದರೂ ಈ ಪಾಠದ ಲೇಖಕನಿಗೆ ತಾನು ಕಂಡ ಚಿತ್ರಗಳಲ್ಲೆಲ್ಲ ಅದು ಬಹು ಪ್ರಿಯವಾದದ್ದು. ಪ್ರಿಯವೆಂದ ಮಾತ್ರಕ್ಕೆ ದೋಷರಹಿತವೆಂದಲ್ಲ. ಆ ಮಾತು ಮುಂದೆ ಬರುತ್ತದೆ. ಅದನ್ನು ನಿರ್ಮಿಸಿ, ನಿರ್ದೇಶಿಸಿ, ಅದರ ನಾಯಕನಾಗಿಯೂ ನಟಿಸಿದ ಗುರುದತ್ತರು ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಅದರ ಛಾಯಾಗ್ರಾಹಕರಾದ ವಿ. ಕೆ. ಮೂರ್ತಿಯವರು ಮೈಸೂರಿನವರು. ಹಿಂದಿಯ ಆ ಚಿತ್ರದ ಬೆನ್ನ ಹಿಂದೆ ಹೀಗೆ ಕನ್ನಡ ನಾಡಿನ ಇಬ್ಬರ ದುಡಿಮೆಯಿದೆ.

ಗುರುದತ್ತರು ಜನಿಸಿದ್ದು 1925ನೆಯ ಜುಲೈ 9ರಂದು. ಅವರಿಗೆ ಮೊದಲು ಇಟ್ಟ ಹೆಸರು ವಸಂತಕುಮಾರ. ತಂದೆ ಶಿವಶಂಕರರಾವ್ ಪಡುಕೋಣೆ, ತಾಯಿ ವಾಸಂತಿ. ಕರಾವಳಿಯ ಸಾರಸ್ವತ ಮನೆತನ, ಮನೆಮಾತು ಕೊಂಕಣಿ. ಮಗು ಚಿಕ್ಕದಾಗಿದ್ದಾಗ ಒಂದು ಅಪಘಾತವಾಯಿತು. ಹೆಸರು ಬದಲಿಸಿದರೆ ಶುಭವೆಂದು ಹಿರಿಯರು ಭಾವಿಸಿದ್ದರಿಂದ ವಸಂತಕುಮಾರನು ಗುರುದತ್ತನಾದನು. ತಂದೆ ಮೊದಲು ಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿದ್ದು, ಆಮೇಲೆ ಬ್ಯಾಂಕಿನ ಗುಮಾಸ್ತರಾದರು. ಏಕಾಂತಪ್ರಿಯರಾದ ಅವರು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರಂತೆ, ಅವು ಅಚ್ಚಾಗಲಿಲ್ಲ. ವಾಸಂತಿಯವರಿಗೆ ಮಗ ಹುಟ್ಟಿದಾಗ ವಯಸ್ಸು ಹದಿನಾರು. ಮನೆಯ ಬಡತನದ ನಡುವೆಯೂ ಅವರು ಓದಿದರು, ಶಾಲೆಯಲ್ಲಿ ಪಾಠ ಹೇಳಿದರು, ಮನೆಪಾಠ ಮಾಡಿದರು, ಸಣ್ಣ ಕತೆಗಳನ್ನು ಬರೆದರು. ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಚಿತ್ರರಂಗದ ಪುಸ್ತಕಗಳು ಗುರುದತ್ತರ ವಿಷಯದಲ್ಲಿ ಪುಟಗಟ್ಟಲೆ ಬರೆದು ಈ ತಾಯಿಯನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಅದು ಸರಿಯಲ್ಲವೆಂದು ನನ್ನ ಎಣಿಕೆ.

ಕುಟುಂಬವು ಹೊಟ್ಟೆಪಾಡಿಗಾಗಿ ಕಲ್ಕತ್ತೆಗೆ ಹೋಗಿ ಭವಾನಿಪುರದಲ್ಲಿ ನೆಲೆಸಿತು. ಬಾಲಕ ಗುರುದತ್ತನು ಬಂಗಾಳಿಯನ್ನು ಸ್ವಂತ ಭಾಷೆಯಂತೆ ಕಲಿತನು. ಬೀದಿಯಲ್ಲಿ ಹಾಡಿಕೊಂಡು ಹೋಗುವ ಬಾವುಲರೂ ಜಾತ್ರಾ ಆಟದವರೂ ಅವನ ಮೊದಲ ಗುರುಗಳು. ಸಂಜೆ ಅಜ್ಜಿ ದೀಪ ಹಚ್ಚಿಟ್ಟರೆ ಅವನು ಅದರ ಮುಂದೆ ಕೂತು, ಬೆರಳುಗಳನ್ನು ಮಡಚಿ ಬಿಡಿಸಿ, ಗೋಡೆಯ ಮೇಲೆ ಬಗೆಬಗೆಯ ನೆರಳಿನ ಆಕಾರಗಳನ್ನು ಆಡಿಸುತ್ತಿದ್ದನು. ಒಡಹುಟ್ಟಿದವರು ಸುತ್ತ ಕುಳಿತು ನೋಡುತ್ತಿದ್ದರು. ಮುಂದೆ ಚಿತ್ರಕಲಾವಿದೆಯಾಗಿ ಹೆಸರಾದ ತಂಗಿ ಲಲಿತಾ ಲಾಜ್ಮಿಯವರು ಈ ನೆರಳಾಟವನ್ನು ನೆನೆಯುತ್ತಿದ್ದರು. ಕಲ್ಕತ್ತೆಯಲ್ಲಿದ್ದ ಬಂಧು ಬಿ. ಬಿ. ಬೆನಗಲ್ ಅವರು ಸಿನಿಮಾದ ಭಿತ್ತಿಚಿತ್ರಗಳನ್ನು ಬರೆಯುತ್ತಿದ್ದ ಕಲಾವಿದರು. ಅವರ ಕುಂಚದಿಂದ ಬಂದ ಒಂದು ವರ್ಣಚಿತ್ರವನ್ನು ಕಂಡು ಪ್ರೇರಿತನಾದ ಹುಡುಗನು ತಾನೇ ಒಂದು ಹಾವಿನ ನೃತ್ಯವನ್ನು ರಚಿಸಿ, ಸಾರಸ್ವತ ಸಮಾಜದ ಸಮಾರಂಭದಲ್ಲಿ ಆಡಿ ತೋರಿಸಿದನು. ಯಾವ ಗುರುವಿನ ಬಳಿಯೂ ಅವನು ಆಗ ನೃತ್ಯ ಕಲಿತಿರಲಿಲ್ಲ.

1941ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಯಿತು. ಕಾಲೇಜಿಗೆ ಕಳುಹಿಸುವ ಶಕ್ತಿ ಮನೆಗೆ ಇರಲಿಲ್ಲ. ಹಿಮಾಲಯದ ತಪ್ಪಲಿನ ಆಲ್ಮೋರದಲ್ಲಿ ಪ್ರಸಿದ್ಧ ನರ್ತಕ ಉದಯಶಂಕರರು ಕಲಾಕೇಂದ್ರವೊಂದನ್ನು ನಡೆಸುತ್ತಿದ್ದರು. ಗುರುದತ್ತರು ಅಲ್ಲಿ ಸೇರಿ 1944ರವರೆಗೆ ಇದ್ದರು. ಶರೀರದ ಚಲನೆಗೂ ತಾಳಕ್ಕೂ ಬೆಳಕಿಗೂ ಇರುವ ನಂಟನ್ನು ಅವರು ಕಲಿತದ್ದು ಅಲ್ಲಿ. ಹಿಂದಿರುಗಿ ಕಲ್ಕತ್ತೆಯ ಲೀವರ್ ಬ್ರದರ್ಸ್ ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಸೇರಿದರು. ಕೆಲಸ ಸಿಕ್ಕಿದ ಸಂತೋಷವನ್ನು ತಂತಿಯ ಮೂಲಕ ಮನೆಗೆ ತಿಳಿಸಿದರು. ಆ ಸಂತೋಷ ಕೆಲವೇ ದಿನಗಳಲ್ಲಿ ಆರಿತು. ಅದೇ ವರ್ಷ ಬಂಧುವೊಬ್ಬರ ನೆರವಿನಿಂದ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯಲ್ಲಿ ಮೂರು ವರ್ಷಗಳ ಕರಾರಿನ ಮೇಲೆ ಸೇರಿಕೊಂಡರು.

ಪ್ರಭಾತ್ ಕಂಪನಿಯಲ್ಲಿ ಅವರು ಸಣ್ಣಪುಟ್ಟ ಪಾತ್ರ ಮಾಡಿದರು, ನಿರ್ದೇಶಕರಿಗೆ ಸಹಾಯಕರಾದರು, 1946ರ ಹಮ್ ಏಕ್ ಹೈಂ ಚಿತ್ರಕ್ಕೆ ನೃತ್ಯಗಳನ್ನು ಸಂಯೋಜಿಸಿದರು. ಆ ಚಿತ್ರದ ಹೊಸ ನಾಯಕ ದೇವಾನಂದ್. ಇವರಿಬ್ಬರ ಗೆಳೆತನ ಹುಟ್ಟಿದ ಬಗೆ ಸ್ವಾರಸ್ಯಕರವಾಗಿದೆ. ಇಬ್ಬರ ಬಟ್ಟೆಗಳನ್ನೂ ಒಗೆಯುತ್ತಿದ್ದವನು ಒಬ್ಬನೇ. ಒಂದು ದಿನ ಅಂಗಿಗಳು ಅದಲುಬದಲಾದವು. ತನ್ನ ಅಂಗಿಯನ್ನು ಇನ್ನೊಬ್ಬ ತೊಟ್ಟಿರುವುದನ್ನು ಕಂಡ ದೇವಾನಂದರು ವಿಚಾರಿಸಿದರು. ಜಗಳವಾಗಬೇಕಾದಲ್ಲಿ ನಗೆಯಾಯಿತು, ಸ್ನೇಹವಾಯಿತು. ಮುಂದೆ ತಾನು ನಿರ್ಮಾಪಕನಾದರೆ ಗುರುದತ್ತನೇ ನಿರ್ದೇಶಕನೆಂದು ಒಬ್ಬರು, ತಾನು ನಿರ್ದೇಶಕನಾದರೆ ದೇವಾನಂದನೇ ನಾಯಕನೆಂದು ಇನ್ನೊಬ್ಬರು ಮಾತು ಕೊಟ್ಟುಕೊಂಡರು.

1947ರಲ್ಲಿ ಕರಾರು ಮುಗಿಯಿತು. ಹತ್ತು ತಿಂಗಳ ಕಾಲ ಗುರುದತ್ತರು ಕೆಲಸವಿಲ್ಲದೆ ಮುಂಬಯಿಯ ಮಾಟುಂಗದ ಮನೆಯಲ್ಲಿ ಕುಳಿತರು. ಇಂಗ್ಲಿಷಿನಲ್ಲಿ ಸಣ್ಣ ಕತೆಗಳನ್ನು ಬರೆದು ಪತ್ರಿಕೆಗೆ ಕಳುಹಿಸಿದರು. ಮನ್ನಣೆ ದೊರೆಯದ ಕಲಾವಿದನೊಬ್ಬನ ಕಥೆಯೊಂದು ಮನಸ್ಸಿನಲ್ಲಿ ಮೊಳೆತದ್ದು ಈ ದಿನಗಳಲ್ಲಿಯೇ. ಅದು ಪರದೆಗೆ ಬರಲು ಇನ್ನೂ ಹತ್ತು ವರ್ಷ ಬೇಕಾಗಿತ್ತು.

ದೇವಾನಂದರು ತಮ್ಮ ಮಾತನ್ನು ಮರೆಯಲಿಲ್ಲ. ಅವರ ನವಕೇತನ ಸಂಸ್ಥೆಯ ಬಾಜಿ ಚಿತ್ರವನ್ನು ಗುರುದತ್ತರು ನಿರ್ದೇಶಿಸಿದರು. 1951ರಲ್ಲಿ ಬಿಡುಗಡೆಯಾದ ಅದು ಜನಪ್ರಿಯವಾಯಿತು. ಈ ಚಿತ್ರದಿಂದ ಅವರಿಗೆ ಎರಡು ಸಂಬಂಧಗಳು ದೊರೆತವು. ಒಂದು, ಹಿನ್ನೆಲೆ ಗಾಯಕಿ ಗೀತಾ ರಾಯ್ ಅವರ ಪರಿಚಯ. 1953ರ ಮೇ 26ರಂದು ಇಬ್ಬರಿಗೂ ವಿವಾಹವಾಯಿತು. ಇನ್ನೊಂದು, ವಿ. ಕೆ. ಮೂರ್ತಿಯವರ ಸಹವಾಸ.

ಮೂರ್ತಿಯವರ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಪಿಟೀಲು ಕಲಿತವರು; ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆಯನ್ನೂ ಕಂಡವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಪಡೆದು 1946ರಲ್ಲಿ ಹೊರಬಂದರು. ಬಾಜಿಯ ಕಾಲಕ್ಕೆ ಅವರು ಕೇವಲ ಸಹಾಯಕ ಛಾಯಾಗ್ರಾಹಕ. ಹಾಡೊಂದರ ಚಿತ್ರೀಕರಣದಲ್ಲಿ ಅವರು ಒಂದು ಕಷ್ಟವಾದ ದೃಶ್ಯವನ್ನು ಸೂಚಿಸಿದರು. ಮುಖ್ಯ ಛಾಯಾಗ್ರಾಹಕರ ಒಪ್ಪಿಗೆಯಿಂದ ಕ್ಯಾಮರಾದ ಹಿಂದೆ ತಾವೇ ನಿಂತು ಅದನ್ನು ಮೊದಲ ಯತ್ನದಲ್ಲಿಯೇ ಸಾಧಿಸಿದರು. ಆ ದಿನವೇ ಗುರುದತ್ತರು, ತಮ್ಮ ಮುಂದಿನ ಚಿತ್ರಕ್ಕೆ ಇವರೇ ಛಾಯಾಗ್ರಾಹಕರೆಂದು ನಿಶ್ಚಯಿಸಿಬಿಟ್ಟರು. 1952ರ ಜಾಲ್ ಚಿತ್ರದಿಂದ ಆರಂಭವಾದ ಆ ಜೊತೆ ಒಂದು ದಶಕ ನಡೆಯಿತು.

ಮುಂದಿನ ವರ್ಷಗಳನ್ನು ಬೇಗ ದಾಟಬಹುದು. 1954ರ ಆರ್ ಪಾರ್, 1955ರ ಮಿಸ್ಟರ್ ಅಂಡ್ ಮಿಸೆಸ್ 55 ಎಂಬ ಲವಲವಿಕೆಯ ಚಿತ್ರಗಳು ಗುರುದತ್ತರಿಗೆ ಹಣವನ್ನೂ ಕೀರ್ತಿಯನ್ನೂ ತಂದವು. 1953ರ ಬಾಜ್, 1956ರ ಸೈಲಾಬ್ ಸೋತವು. ಈ ಎರಡನ್ನೂ ಇಂದು ಯಾರೂ ನೆನೆಯುವುದಿಲ್ಲ; ನೆನೆಯದಿರುವುದರಿಂದ ನಷ್ಟವೂ ಇಲ್ಲ. ಸೋತ ಚಿತ್ರವೆಲ್ಲ ಮರೆಯಲ್ಲಿ ಉಳಿದ ಮಾಣಿಕ್ಯವೆಂದು ಭಾವಿಸಬಾರದು. ಬಹುಪಾಲು ಸೋಲುಗಳಿಗೆ ನ್ಯಾಯವಾದ ಕಾರಣಗಳೇ ಇರುತ್ತವೆ.

ಹತ್ತು ವರ್ಷಗಳ ಹಿಂದೆ ಮೊಳೆತಿದ್ದ ಕಥೆಯು 1957ರಲ್ಲಿ ಪ್ಯಾಸಾ ಎಂಬ ಹೆಸರಿನಿಂದ ಬಂದಿತು. ಯಾರೂ ಕೊಳ್ಳದ ಕವಿತೆಗಳನ್ನು ಬರೆಯುವ ಬಡ ಕವಿ. ಅವನು ಸತ್ತನೆಂಬ ಸುದ್ದಿ ಹಬ್ಬಿದೊಡನೆ ಅದೇ ಕವಿತೆಗಳನ್ನು ಮುದ್ರಿಸಿ ಹಣ ಮಾಡುವ ಲೋಕ. ಜೀವಂತನಾಗಿ ಬಂದು ನಿಂತಾಗ ಗುರುತಿಸಲೊಲ್ಲದ ಅಣ್ಣಂದಿರು. ಕವಿಯ ಪಾತ್ರಕ್ಕೆ ಮೊದಲು ಗೊತ್ತುಮಾಡಿದ್ದು ದಿಲೀಪಕುಮಾರರನ್ನು. ಅವರು ಬರಲಿಲ್ಲವಾಗಿ ಗುರುದತ್ತರೇ ಆ ಪಾತ್ರವನ್ನು ಧರಿಸಿದರು. ಹೈದರಾಬಾದಿನಲ್ಲಿ ಗುರುದತ್ತರ ಕಣ್ಣಿಗೆ ಬಿದ್ದು ಹಿಂದಿಗೆ ಬಂದಿದ್ದ ವಹೀದಾ ರೆಹಮಾನ್ ಅದರಲ್ಲಿ ನಟಿಸಿದರು. ಕಥೆ ದುಃಖದ್ದಾದರೂ ಜನರು ಅದನ್ನು ಮುತ್ತಿಕೊಂಡು ನೋಡಿದರು.

ಜಯವನ್ನು ಕಂಡ ಮನುಷ್ಯ ಸಾಮಾನ್ಯವಾಗಿ ಅದನ್ನೇ ಮತ್ತೊಮ್ಮೆ ಮಾಡಲು ಹೊರಡುತ್ತಾನೆ. ಗುರುದತ್ತರು ಹಾಗೆ ಮಾಡಲಿಲ್ಲ. ಅವರ ಸ್ವಭಾವದಲ್ಲಿಯೇ ಒಂದು ಅಸ್ಥಿರತೆ ಇತ್ತು. ತೆಗೆದ ದೃಶ್ಯವನ್ನು ಮತ್ತೆ ಮತ್ತೆ ತೆಗೆಯುವುದು, ಮನಸ್ಸಿಗೆ ಒಪ್ಪದಿದ್ದರೆ ಚಿತ್ರವನ್ನೇ ನಡುವೆ ನಿಲ್ಲಿಸಿಬಿಡುವುದು ಅವರ ರೂಢಿ. ಪತ್ನಿ ಗೀತಾ ಅವರನ್ನು ನಾಯಕಿಯಾಗಿಟ್ಟು ಬಂಗಾಳಿಯಲ್ಲಿ ಗೌರಿ ಎಂಬ ಚಿತ್ರವನ್ನು ಆರಂಭಿಸಿ ಕೈಬಿಟ್ಟರು. ಅದು ಪೂರ್ಣವಾಗಿದ್ದರೆ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾಗುತ್ತಿತ್ತು. ಆ ಸ್ಥಾನ ಕಾಗಜ್ ಕೇ ಫೂಲ್ ಚಿತ್ರಕ್ಕೆ ಬಂದಿತು.

ಸಿನಿಮಾಸ್ಕೋಪ್ ಎಂದರೇನು? ಹಳೆಯ ಚಿತ್ರಗಳ ಪರದೆಯ ಅಗಲವು ಎತ್ತರಕ್ಕಿಂತ ಮೂರನೆಯ ಒಂದರಷ್ಟು ಮಾತ್ರ ಹೆಚ್ಚು. ಸಿನಿಮಾಸ್ಕೋಪಿನಲ್ಲಿ ಅಗಲವು ಎತ್ತರದ ಎರಡರಷ್ಟಕ್ಕಿಂತ ಅಧಿಕ. ಚಿತ್ರ ತೆಗೆಯುವಾಗ ವಿಶೇಷ ಮಸೂರವೊಂದು ಈ ಅಗಲವಾದ ನೋಟವನ್ನು ಅಡ್ಡಡ್ಡಲಾಗಿ ಹಿಂಡಿ ಸಾಮಾನ್ಯ ಫಿಲ್ಮಿನಲ್ಲಿ ಅಡಗಿಸುತ್ತದೆ. ಪ್ರದರ್ಶಿಸುವಾಗ ಅಂಥದೇ ಇನ್ನೊಂದು ಮಸೂರವು ಅದನ್ನು ಮತ್ತೆ ಹಿಗ್ಗಿಸಿ ಪರದೆಯ ಮೇಲೆ ಚೆಲ್ಲುತ್ತದೆ. ಅಮೆರಿಕದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ 1953ರಲ್ಲಿ ಇದನ್ನು ಬಳಕೆಗೆ ತಂದಿತು. ಹಿಗ್ಗಿಸುವ ಮಸೂರವೂ ಅಗಲವಾದ ಪರದೆಯೂ ಇಲ್ಲದ ಕಡೆ ಇಂಥ ಚಿತ್ರದಲ್ಲಿ ಮನುಷ್ಯರು ಕಂಬದಂತೆ ತೆಳ್ಳಗೆ, ಉದ್ದಕ್ಕೆ ಕಾಣುತ್ತಾರೆ! ನಮ್ಮ ಬಯಲಿನ ಗುಡಾರಗಳಲ್ಲಿ ಅಂದು ಅಂಥ ಸಲಕರಣೆಯನ್ನು ನಿರೀಕ್ಷಿಸುವಂತಿರಲಿಲ್ಲ.

ಚಿತ್ರದ ಕಥೆ ಇಷ್ಟು. ಮುಪ್ಪಿನಲ್ಲಿರುವ ಸುರೇಶ್ ಸಿನ್ಹಾ ಎಂಬಾತನು, ತಾನು ಒಂದು ಕಾಲಕ್ಕೆ ಪ್ರಖ್ಯಾತ ನಿರ್ದೇಶಕನಾಗಿ ಆಳಿದ ಸ್ಟುಡಿಯೋಗೆ ಬಂದು ಎತ್ತರದ ಹಲಗೆಗಳ ಮೇಲೇರಿ ಕೆಳಗೆ ನೋಡುತ್ತಾನೆ. ಹಿಂದಿನದೆಲ್ಲ ನೆನಪಾಗಿ ಬಿಚ್ಚಿಕೊಳ್ಳುತ್ತದೆ. ಶ್ರೀಮಂತರಾದ ಅತ್ತೆ ಮಾವಂದಿರಿಗೆ ಸಿನಿಮಾದವನೆಂದರೆ ತಾತ್ಸಾರ, ಹೆಂಡತಿ ದೂರವಾಗಿದ್ದಾಳೆ, ಮಗಳು ವಸತಿಶಾಲೆಯಲ್ಲಿದ್ದಾಳೆ, ಅವಳನ್ನು ಕಾಣಲೂ ಅಡ್ಡಿ. ಮಳೆಯ ಒಂದು ರಾತ್ರಿ ಆಲದ ಮರದ ಕೆಳಗೆ ಚಳಿಯಿಂದ ನಡುಗುತ್ತಿದ್ದ ಶಾಂತಿ ಎಂಬ ಅನಾಥೆಗೆ ಸುರೇಶನು ತನ್ನ ಕೋಟನ್ನು ಕೊಟ್ಟು ಹೋಗುತ್ತಾನೆ. ಅದನ್ನು ಹಿಂದಿರುಗಿಸಲು ಸ್ಟುಡಿಯೋಗೆ ಬಂದ ಅವಳು ತಿಳಿಯದೆ ಓಡುತ್ತಿರುವ ಕ್ಯಾಮರಾದ ಎದುರಿಗೆ ನಡೆದುಬಿಡುತ್ತಾಳೆ. ಫಿಲ್ಮಿನಲ್ಲಿ ಅವಳ ಮುಖವನ್ನು ಕಂಡ ಸುರೇಶನಿಗೆ, ತಾನು ತೆಗೆಯುತ್ತಿರುವ ದೇವದಾಸ್ ಚಿತ್ರದ ಪಾರೋ ಇವಳೇ ಎಂದು ತೋರುತ್ತದೆ. ಶಾಂತಿ ಪ್ರಸಿದ್ಧಳಾಗುತ್ತಾಳೆ. ಅವರಿಬ್ಬರ ಆತ್ಮೀಯತೆ ಊರ ಬಾಯಿಗೆ ಬೀಳುತ್ತದೆ. ಸಹಪಾಠಿಗಳ ಕುಹಕವನ್ನು ತಾಳಲಾರದ ಮಗಳು ಬಂದು ಬೇಡಿಕೊಂಡಾಗ ಶಾಂತಿ ಎಲ್ಲವನ್ನೂ ತೊರೆದು, ಹಳ್ಳಿಯೊಂದರ ಶಾಲೆಯಲ್ಲಿ ಉಪಾಧ್ಯಾಯಿನಿಯಾಗುತ್ತಾಳೆ. ಅವಳು ಹೋದ ಮೇಲೆ ಸುರೇಶನ ಕೈಯಿಂದ ಕಲೆಯೂ ಜಾರುತ್ತದೆ. ಅವನ ಚಿತ್ರ ಸೋಲುತ್ತದೆ, ಜನರು ಗದ್ದಲವೆಬ್ಬಿಸುತ್ತಾರೆ, ಕುಡಿತ ಅವನನ್ನು ನುಂಗುತ್ತದೆ. ಕೊನೆಗೆ ಜನವಿಲ್ಲದ ಸ್ಟುಡಿಯೋದಲ್ಲಿ, ನಿರ್ದೇಶಕನ ಕುರ್ಚಿಯ ಮೇಲೆ ಕುಳಿತು ಅವನು ಪ್ರಾಣ ಬಿಡುತ್ತಾನೆ. ಮುಂಜಾನೆ ಕೆಲಸಕ್ಕೆ ಬಂದವರಿಗೆ, ಸತ್ತವನನ್ನು ಆಚೆಗೆ ಸಾಗಿಸಿ ಆ ದಿನದ ಚಿತ್ರೀಕರಣವನ್ನು ತೊಡಗುವ ಅವಸರ.

ಈ ಚಿತ್ರದಲ್ಲಿ ಒಂದು ಹಾಡಿನ ದೃಶ್ಯವಿದೆ. ಖಾಲಿ ಸ್ಟುಡಿಯೋದ ಕತ್ತಲಲ್ಲಿ ಸುರೇಶನೂ ಶಾಂತಿಯೂ ದೂರದೂರ ನಿಂತಿದ್ದಾರೆ. ಇಬ್ಬರ ತುಟಿಯೂ ಅಲುಗುವುದಿಲ್ಲ. ಗೀತಾ ದತ್ ಅವರ ಕಂಠ ಮಾತ್ರ ಕೇಳಿಬರುತ್ತದೆ. ಕೈಫಿ ಆಜ್ಮಿಯವರ ಸಾಹಿತ್ಯ, ಸಚಿನ್ ದೇವ್ ಬರ್ಮನ್ನರ ಸಂಗೀತ. ಮೇಲಿನಿಂದ ಕಂಬದಷ್ಟು ದಪ್ಪದ ಒಂದು ಬೆಳಕಿನ ಕೋಲು ಓರೆಯಾಗಿ ನೆಲಕ್ಕಿಳಿದಿದೆ. ಅದರೊಳಗೆ ಧೂಳಿನ ಕಣಗಳು ತೇಲುತ್ತಿವೆ. ಸ್ಟುಡಿಯೋದ ವಿದ್ಯುದ್ದೀಪಗಳಿಂದ ಅಂಥ ಬೆಳಕು ಬಾರದು. ಅವುಗಳ ಕಿರಣಗಳು ಹೊರಟೊಡನೆ ಅಗಲಿಸಿ ಚೆದುರುತ್ತವೆ. ಗುರುದತ್ತರಿಗೆ ಬೇಕಾದದ್ದು ಸೂರ್ಯನ ಸಮಾಂತರ ಕಿರಣಗಳ ಬಿಗುವು. ಮುಂಬಯಿಯ ಮೆಹಬೂಬ್ ಸ್ಟುಡಿಯೋದಲ್ಲಿ ಮೂರ್ತಿಯವರು ಅದಕ್ಕೊಂದು ಉಪಾಯ ಹೂಡಿದರು. ಹೊರಗೆ ಬಿಸಿಲಿನಲ್ಲಿ ದೊಡ್ಡದೊಂದು ಕನ್ನಡಿಯನ್ನು ನಿಲ್ಲಿಸಿ ಸೂರ್ಯನ ಬೆಳಕನ್ನು ಒಳಗೆ ಹಾಯಿಸಿದರು. ಒಳಗೆ ಎತ್ತರದಲ್ಲಿ ಮತ್ತೊಂದು ಕನ್ನಡಿಯನ್ನಿಟ್ಟು ಅದನ್ನು ಕೆಳಕ್ಕೆ ತಿರುಗಿಸಿದರು. ನೀವು ವಿಜ್ಞಾನದ ತರಗತಿಯಲ್ಲಿ ಕಲಿಯುವ ಪ್ರತಿಫಲನದ ನಿಯಮಕ್ಕಿಂತ ಹೆಚ್ಚಿನದೇನೂ ಅದರಲ್ಲಿಲ್ಲ. ಆದರೆ ಸೂರ್ಯ ಸರಿದಂತೆ ಬೆಳಕೂ ಸರಿಯುತ್ತದೆ. ಆ ಸರಿಯುವ ಬೆಳಕನ್ನು ನಂಬಿ ಕೆಲಸ ಮಾಡುವುದು ಸುಲಭವಲ್ಲ. ಅಗಲವಾದ ಪರದೆಯನ್ನು ಅಂದಿನವರು ಅರಮನೆ, ಸೈನ್ಯ, ಜಾತ್ರೆಗಳಿಂದ ತುಂಬಿಸುತ್ತಿದ್ದರು. ಗುರುದತ್ತ ಮತ್ತು ಮೂರ್ತಿಯವರು ಅದನ್ನು ಬರಿದಾಗಿಟ್ಟರು. ಇಬ್ಬರು ಮನುಷ್ಯರ ನಡುವಿನ ದೂರವನ್ನು ತೋರಿಸಲು ಅಷ್ಟು ಅಗಲ ಬೇಕಾಗಿತ್ತೆಂದು ಆ ದೃಶ್ಯವನ್ನು ಕಂಡಾಗ ತಿಳಿಯುತ್ತದೆ. ಅಜ್ಜಿಯ ದೀಪದ ಮುಂದೆ ಬೆರಳಾಡಿಸಿದ ಹುಡುಗನ ನೆನಪೂ ಆಗದಿರದು.

ಆದರೂ ಚಿತ್ರ ಸೋತಿತು, ಹೀನಾಯವಾಗಿ ಸೋತಿತು. ಕಾರಣಗಳನ್ನು ಹುಡುಕುವುದು ಕಷ್ಟವಲ್ಲ. ಕಥೆಯ ನಡಿಗೆ ನಿಧಾನ. ನಾಯಕನು ತನ್ನ ವಿಧಿಯೊಡನೆ ಹೋರಾಡದೆ ಕುಸಿಯುತ್ತಾನೆ; ಪ್ಯಾಸಾದ ಕವಿಯಂತೆ ಲೋಕಕ್ಕೆ ಎದುರುನಿಂತು ಹೊರನಡೆಯುವುದಿಲ್ಲ. ದಿನವಿಡೀ ದುಡಿದು ಬಂದು, ಸಂಜೆ ಚಿಲ್ಲರೆ ಎಣಿಸಿಕೊಟ್ಟು ಕುಳಿತವನಿಗೆ, ಖ್ಯಾತ ನಿರ್ದೇಶಕನೊಬ್ಬನ ಸಂಕಟವು ತನ್ನ ಸಂಕಟವೆನಿಸದಿದ್ದರೆ ಅವನನ್ನು ದೂರುವಂತಿಲ್ಲ. ಜಾನಿ ವಾಕರ್ ಅವರು ಭಾವಮೈದುನನಾಗಿ ನಟಿಸಿರುವ ಹಾಸ್ಯದ ಭಾಗ ಬೇರೆ ಯಾವುದೋ ಚಿತ್ರದಿಂದ ಕಡಿದು ತಂದು ಅಂಟಿಸಿದಂತಿದೆ. ನನಗೂ ಅದು ಹಿಡಿಸುವುದಿಲ್ಲ. ಅತ್ತೆ ಮಾವಂದಿರ ಚಿತ್ರಣ ತೀರ ಒರಟು. ಇಷ್ಟೆಲ್ಲ ಕುಂದುಗಳನ್ನು ಒಪ್ಪಿಯೂ ಆ ಚಿತ್ರವನ್ನು ನೆಚ್ಚುವುದು ಹೇಗೆಂದು ನೀವು ಕೇಳಬಹುದು. ನಮ್ಮ ಉಪಾಧ್ಯಾಯರ ಕೊಠಡಿಯಲ್ಲಿ ಈ ವಿಷಯವಾಗಿ ಹಲವು ಮಧ್ಯಾಹ್ನಗಳು ವಾಗ್ವಾದದಲ್ಲಿ ಕಳೆದಿವೆ. ಗಣಿತದ ಮಿತ್ರರೊಬ್ಬರು ಕೊನೆಯವರೆಗೂ ಒಪ್ಪಲಿಲ್ಲ. ನನಗೆ ಕಂಡದ್ದು ಇಷ್ಟು: ಕುಂದುಗಳೆಲ್ಲ ಕಥೆಯ ಹೊರ ಅಂಚಿನಲ್ಲಿವೆ. ಸುರೇಶನೂ ಶಾಂತಿಯೂ ಮಾತಿಲ್ಲದೆ ನಿಂತ ಕಡೆ, ಮಗಳನ್ನು ಕಾಣಲು ಅವನು ಅಳುಕುತ್ತ ಬರುವ ಕಡೆ, ಒಂದು ಸುಳ್ಳು ಗೆರೆಯೂ ಇಲ್ಲ. ಸುಖವಾಗಿ ಸಾಗಿದ ಎಷ್ಟೋ ಗೆದ್ದ ಚಿತ್ರಗಳು ಮರುದಿನಕ್ಕೆ ಮರೆತುಹೋದವು. ಆ ಬೆಳಕಿನ ಕೋಲು ಮಾತ್ರ ಕಣ್ಣಿನಲ್ಲಿಯೇ ಉಳಿದಿದೆ.

ಪ್ರೇಕ್ಷಕರು ಒಲ್ಲೆನೆಂದ ಚಿತ್ರಕ್ಕೆ ಆ ವರ್ಷದ ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಎರಡು ಬಂದವು: ಛಾಯಾಗ್ರಹಣಕ್ಕಾಗಿ ಮೂರ್ತಿಯವರಿಗೆ, ಕಲಾನಿರ್ದೇಶನಕ್ಕಾಗಿ ಎಂ. ಆರ್. ಆಚರೇಕರರಿಗೆ. ನಿರ್ದೇಶಕರಿಗೆ ಏನೂ ಬರಲಿಲ್ಲ.

ಇನ್ನು ಮುಂದಿನದು ನನಗೆ ಈ ಜೀವನದಲ್ಲಿ ಅತ್ಯಂತ ದುಃಖಕರವೆನಿಸುವ ಸಂಗತಿ. ಸೋತವರು ಗುರುದತ್ತರೊಬ್ಬರೇ ಅಲ್ಲ; ಪ್ರತಿ ಶುಕ್ರವಾರವೂ ಯಾರೋ ಒಬ್ಬರು ಸೋಲುತ್ತಾರೆ. ಆದರೆ ಗುರುದತ್ತರು ಆ ತೀರ್ಪನ್ನು ಪೂರ್ಣವಾಗಿ ನಂಬಿಬಿಟ್ಟರು. ತಮ್ಮ ಕಣ್ಣು ಕಂಡದ್ದಕ್ಕಿಂತ ಟಿಕೆಟ್ಟಿನ ಲೆಕ್ಕವೇ ನಿಜವೆಂದು ತಿಳಿದರು. ಆಮೇಲೆ ಯಾವ ಚಿತ್ರಕ್ಕೂ ನಿರ್ದೇಶಕರಾಗಿ ಅವರು ತಮ್ಮ ಹೆಸರನ್ನು ಹಾಕಲಿಲ್ಲ. ಆಗ ಅವರಿಗೆ ವಯಸ್ಸು ಮೂವತ್ತನಾಲ್ಕು. ಸುರೇಶ್ ಸಿನ್ಹಾನ ಚಿತ್ರವು ಸೋತ ಮೇಲೆ ಅವನಿಗೆ ಆದದ್ದು, ಆ ಕಥೆಯನ್ನು ತೆಗೆದವನಿಗೂ ಆಯಿತು.

ಹಾಗೆಂದು ಅವರು ಸುಮ್ಮನೆ ಕುಳಿತವರಲ್ಲ. ಸಂಸ್ಥೆ ಉಳಿಯಬೇಕಾಗಿತ್ತು, ಅದರಲ್ಲಿ ದುಡಿಯುವವರಿಗೆ ಸಂಬಳ ಸಿಗಬೇಕಾಗಿತ್ತು. 1960ರಲ್ಲಿ ಎಂ. ಸಾದಿಕ್ ಅವರ ನಿರ್ದೇಶನದಲ್ಲಿ ಚೌದವೀ ಕಾ ಚಾಂದ್ ಚಿತ್ರವನ್ನು ನಿರ್ಮಿಸಿ ನಟಿಸಿದರು. ಅದು ಭಾರಿ ಜಯವನ್ನು ಕಂಡು ಸಂಸ್ಥೆಯನ್ನು ಎತ್ತಿ ನಿಲ್ಲಿಸಿತು. 1962ರಲ್ಲಿ ಬಿಮಲ್ ಮಿತ್ರರ ಬಂಗಾಳಿ ಕಾದಂಬರಿಯನ್ನು ಆಧರಿಸಿದ ಸಾಹಿಬ್ ಬೀಬಿ ಔರ್ ಗುಲಾಮ್ ಬಂದಿತು. ನಿರ್ದೇಶಕರೆಂದು ಹೆಸರು ಬಂದದ್ದು ಅವರ ಸಂಭಾಷಣಕಾರ ಅಬ್ರಾರ್ ಆಲ್ವಿಯವರದು. ಹಾಡಿನ ದೃಶ್ಯಗಳಲ್ಲಿಯಾದರೂ ಗುರುದತ್ತರ ಕೈಯಿದೆಯೆಂದು ಬಲ್ಲವರು ಹೇಳುತ್ತ ಬಂದಿದ್ದಾರೆ. ಆ ಚಿತ್ರವು ಫಿಲ್ಮ್‌ಫೇರ್ ಪ್ರಶಸ್ತಿಗಳನ್ನು ಪಡೆದು, 1963ರ ಬರ್ಲಿನ್ ಚಲನಚಿತ್ರೋತ್ಸವಕ್ಕೂ ಹೋಯಿತು.

ಅಷ್ಟರಲ್ಲಿ ಮನೆಯ ನೆಮ್ಮದಿ ಕೆಟ್ಟಿತ್ತು. ಮೂವರು ಮಕ್ಕಳಿದ್ದ ಸಂಸಾರದಲ್ಲಿ ಬಿರುಕು ದೊಡ್ಡದಾಗಿ, ದಂಪತಿಗಳು ಬೇರೆ ಬೇರೆ ಇರುವಂತಾಯಿತು. ನಿದ್ರೆ ಅವರ ಬಳಿಗೆ ಸುಳಿಯುತ್ತಿರಲಿಲ್ಲ. ಮದ್ಯವೂ ನಿದ್ರೆಯ ಮಾತ್ರೆಗಳೂ ಆರೋಗ್ಯವನ್ನು ತಿಂದುಹಾಕಿದವು. 1964ರ ಅಕ್ಟೋಬರ್ 10ರ ಬೆಳಿಗ್ಗೆ ಮುಂಬಯಿಯ ಪೆಡ್ಡರ್ ರಸ್ತೆಯ ಮನೆಯಲ್ಲಿ ಅವರು ಮೃತರಾಗಿದ್ದುದು ತಿಳಿದುಬಂತು. ಅದು ಆಕಸ್ಮಿಕವೋ ಅಲ್ಲವೋ ಎಂಬ ಬಗ್ಗೆ ಹತ್ತಿರದವರಲ್ಲಿಯೇ ಭಿನ್ನಾಭಿಪ್ರಾಯವಿದೆ. ವಯಸ್ಸು ಮೂವತ್ತೊಂಬತ್ತು. ನಟಿಸುತ್ತಿದ್ದ ಒಂದು ಚಿತ್ರ ಅರ್ಧಕ್ಕೆ ನಿಂತಿತ್ತು. ಅವರ ಪಾತ್ರವನ್ನು ಧರ್ಮೇಂದ್ರರಿಗೆ ಕೊಟ್ಟು 1966ರಲ್ಲಿ ಅದನ್ನು ಪೂರೈಸಿದರು. ಗೀತಾ ಅವರು 1972ರಲ್ಲಿ ತೀರಿಕೊಂಡರು.

ಮಗನಿಗಿಂತ ಬಹುಕಾಲ ಬದುಕಿದ ವಾಸಂತಿ ಪಡುಕೋಣೆಯವರು ಅವನ ಜೀವನವನ್ನು ಕನ್ನಡದಲ್ಲಿ ಬರೆದರು. ನನ್ನ ಮಗ ಗುರುದತ್ತ ಎಂಬುದು ಆ ಪುಸ್ತಕದ ಹೆಸರು. ಮುಂಬಯಿಯ ಸಿನಿಮಾ ಪತ್ರಿಕೆಗಳು ಗುಸುಗುಸು ಸುದ್ದಿಗಳನ್ನು ಹೊಸೆಯುತ್ತಿದ್ದಾಗ, ತಾಯಿಯೊಬ್ಬಳು ನೆನಪಿನ ಎಳೆಗಳನ್ನು ಹಿಡಿದು ಕನ್ನಡದಲ್ಲಿ ಕುಳಿತು ಬರೆದಳೆಂಬುದು ಸಣ್ಣ ಸಂಗತಿಯಲ್ಲ.

ಕಾಗಜ್ ಕೇ ಫೂಲ್ ಚಿತ್ರದ ಅದೃಷ್ಟವು ನಿಧಾನವಾಗಿ ತಿರುಗಿತು. ಗುರುದತ್ತರು ಕಾಲವಾಗಿ ಎರಡು ದಶಕಗಳಾದ ಮೇಲೆ, ಫ್ರಾನ್ಸ್ ಮೊದಲಾದ ದೇಶಗಳಲ್ಲಿ ಅವರ ಚಿತ್ರಗಳು ಪ್ರದರ್ಶಿತವಾಗಿ, ಅಲ್ಲಿಯ ರಸಿಕರು ಬೆರಗಾದರು. 1989ರಲ್ಲಿ ನಸ್ರೀನ್ ಮುನ್ನಿ ಕಬೀರ್ ಅವರು ಗುರುದತ್ತರ ಮೇಲೆ ಸಾಕ್ಷ್ಯಚಿತ್ರವೊಂದನ್ನು ತಯಾರಿಸಿದರು. ಇಂಗ್ಲೆಂಡಿನ ಸೈಟ್ ಅಂಡ್ ಸೌಂಡ್ ಪತ್ರಿಕೆಯು 2002ರಲ್ಲಿ ಜಗತ್ತಿನ ವಿಮರ್ಶಕರ ಹಾಗೂ ನಿರ್ದೇಶಕರ ಮತವನ್ನು ಕೇಳಿ ಶ್ರೇಷ್ಠ ಚಿತ್ರಗಳನ್ನು ಆರಿಸಿದಾಗ, ಪ್ಯಾಸಾದ ಜೊತೆಗೆ ಈ ಸೋತ ಚಿತ್ರಕ್ಕೂ ಸ್ಥಾನ ದೊರೆಯಿತು. 2004ರಲ್ಲಿ ಭಾರತದ ಅಂಚೆ ಇಲಾಖೆ ಗುರುದತ್ತರ ಅಂಚೆಚೀಟಿಯನ್ನು ಹೊರತಂದಿತು. ಒಂದು ಮಾತು: ಹೊರನಾಡಿನವರು ಹೊಗಳಿದ ಮೇಲೆ ನಮ್ಮವರು ಹೊಗಳತೊಡಗಿದ್ದನ್ನು ನಾನು ಆ ಚಿತ್ರದ ಗೆಲವೆಂದು ಎಣಿಸಲಾರೆ. 1959ರ ಗುಂಪು ಒಲ್ಲೆನೆಂದದ್ದರಿಂದ ಚಿತ್ರ ಕೆಡಲಿಲ್ಲ. ಈಚಿನ ಗುಂಪು ಮೆಚ್ಚಿದ್ದರಿಂದ ಅದರ ಹಾಸ್ಯದ ಭಾಗ ಸುಧಾರಿಸಿಯೂ ಇಲ್ಲ. ವಿರಾಮಕ್ಕೆ ಮೊದಲೇ ಪಕ್ಕದವನ ಮುಖ ನೋಡಿ ತೀರ್ಪು ಕೊಡುವ ಚಾಳಿ ನಮ್ಮಲ್ಲಿ ಹಳೆಯದು.

ಮೂರ್ತಿಯವರು ಗೆಳೆಯನ ನಂತರವೂ ಬಹುಕಾಲ ದುಡಿದರು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಹೂವು ಹಣ್ಣು ಎಂಬ ಕನ್ನಡ ಚಿತ್ರಕ್ಕೆ 1993ರಲ್ಲಿ ಅವರದೇ ಛಾಯಾಗ್ರಹಣ. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂದಿತು. ಆ ಪ್ರಶಸ್ತಿಯನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರು. 2014ರ ಏಪ್ರಿಲ್ 7ರಂದು ಬೆಂಗಳೂರಿನಲ್ಲಿ ನಿಧನರಾದರು. ವೃದ್ಧಾಪ್ಯದಲ್ಲಿಯೂ ಯಾರಾದರೂ ಬಂದು ಕೇಳಿದರೆ ಅವರು ಆ ಎರಡು ಕನ್ನಡಿಗಳ ಕಥೆಯನ್ನು ಉತ್ಸಾಹದಿಂದ ಹೇಳುತ್ತಿದ್ದರು.

2025ರಲ್ಲಿ ಗುರುದತ್ತರು ಹುಟ್ಟಿ ನೂರು ವರ್ಷಗಳಾದವು. ಅವರ ಚಿತ್ರಗಳ ಹಳೆಯ ಪ್ರತಿಗಳನ್ನು ಶುದ್ಧಗೊಳಿಸಿ, ದೇಶದ ಹಲವು ಚಿತ್ರಮಂದಿರಗಳಲ್ಲಿ ಮತ್ತೆ ತೋರಿಸಿದರು. ಕಾಗಜ್ ಕೇ ಫೂಲ್ ಚಿತ್ರದ ಆರಂಭದಲ್ಲಿ ಹೆಸರುಗಳು ಒಂದೊಂದಾಗಿ ಬಂದು ಮರೆಯಾಗುತ್ತವೆ. ನಿರ್ದೇಶಕರೆಂದು ಗುರುದತ್ತರ ಹೆಸರು ಪರದೆಯ ಮೇಲೆ ಬರುವುದು ಅದರಲ್ಲಿಯೇ ಕೊನೆಯ ಬಾರಿ.